ಡ್ರಮ್ಸ್ ಹಿಂದೆ ಕೂತವರು ಬದಲಾದಾಗ: ಕ್ಲ್ಯಾಶ್ ಬ್ಯಾಂಡ್‌ನ ಆರು ಆಲ್ಬಂಗಳ ಪ್ರಕರಣ

1977ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ಲ್ಯಾಶ್ ಬ್ಯಾಂಡ್ ತನ್ನ ಮೊದಲ ಆಲ್ಬಂ ತಂದಿತು. ಅದರಲ್ಲಿರುವ ‘ವೈಟ್ ರಯಟ್’ ಹಾಡು ಎರಡು ನಿಮಿಷ ಕೂಡ ಇಲ್ಲ. ಗಿಟಾರ್, ಕೂಗು, ಓಟ, ಅಷ್ಟೇ. 1982ರ ಮೇ ತಿಂಗಳಲ್ಲಿ ಅದೇ ಬ್ಯಾಂಡ್ ತಂದ ಐದನೇ ಆಲ್ಬಂನಲ್ಲಿ ‘ರಾಕ್ ದಿ ಕಾಸ್ಬಾ’ ಇದೆ. ಇದು ಪಿಯಾನೊ ಮೇಲೆ ನಿಂತ ಹಾಡು. ಕೇಳಿದರೆ ಕಾಲು ತಾನಾಗಿ ಆಡುತ್ತದೆ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯಿತು. ಎರಡರ ನಡುವೆ ಇರುವುದು ಬರೀ ಐದು ವರ್ಷ. ಒಂದೇ ಬ್ಯಾಂಡ್ ಇಷ್ಟು ದೂರ ಹೇಗೆ ಬಂತು? ಬಂದ ದಾರಿಯಲ್ಲಿ ಪಂಕ್ ಅನ್ನು, ಅಂದರೆ ಆ ಚಿಕ್ಕ, ಜೋರಿನ, ಸಿಟ್ಟಿನ ರಾಕ್ ಅನ್ನು, ಬಿಟ್ಟುಕೊಟ್ಟಿತಾ? ಈ ಬರಹದ ಪ್ರಶ್ನೆ ಇದು.

ಪ್ರಶ್ನೆ ಎದ್ದದ್ದು ಚಿಕ್ಕಮಗಳೂರಿನಲ್ಲಿ. ಬಸವನಹಳ್ಳಿಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ನಾನು ಡ್ರಮ್ಸ್ ಹೇಳಿಕೊಡುತ್ತೇನೆ. ಅಲ್ಲೇ ನಾಲ್ಕು ಜನರ ಒಂದು ಬ್ಯಾಂಡ್ ಅಭ್ಯಾಸ ಮಾಡುತ್ತದೆ. ಹಾಡುವ ಹುಡುಗಿ ಊರಿನವಳೇ. ಬೇಸ್, ಅಂದರೆ ತಗ್ಗಿನ ಸ್ವರದ ಗಿಟಾರ್, ನುಡಿಸುವವನು ಆಲ್ದೂರಿನ ಕಡೆಯವನು. ಗಿಟಾರ್ ಹುಡುಗ ಹಾಸನದಿಂದ ಬೇಲೂರು ಮೇಲೆ ಬಸ್ಸಿನಲ್ಲಿ ಬರುತ್ತಾನೆ. ಡ್ರಮ್ಸ್ ಹುಡುಗ ಕಡೂರಿನವನು. ಅವನ ಮನೆಯಲ್ಲಿ ತಾತನ ಕಾಲದಿಂದ ವೀರಗಾಸೆಗೆ ಸಂಬಾಳ ಬಾರಿಸುತ್ತಾರೆ. ಇವರು ಬರೆಯುವುದು ಕನ್ನಡದಲ್ಲಿ, ನುಡಿಸುವುದು ಪಂಕ್. ಹಾಡುಗಳೆಲ್ಲ ಚಿಕ್ಕವು, ಜೋರಿನವು. ಕಾಫಿ ಬೆಲೆ, ಬಸ್ ಸ್ಟಾಂಡ್, ಕೆಲಸಕ್ಕೆ ಬೆಂಗಳೂರಿಗೆ ಹೋದ ಗೆಳೆಯರು, ಇಂಥ ವಿಷಯಗಳು.

ಕಳೆದ ಮಳೆಗಾಲದಲ್ಲಿ ಡ್ರಮ್ಸ್ ಹುಡುಗ ಒಂದು ನಿಧಾನದ ಲಯ ತಂದ. ಸಂಬಾಳದ ಒಂದು ನಡೆಯನ್ನು ಮುರಿದು, ನಡುವೆ ಖಾಲಿ ಜಾಗ ಬಿಟ್ಟು ಕಟ್ಟಿದ್ದು. ಬೇಸ್ ಹುಡುಗನಿಗೆ ತುಂಬ ಹಿಡಿಸಿತು. ಗಿಟಾರ್ ಹುಡುಗನಿಗೆ ಹಿಡಿಸಲಿಲ್ಲ. ‘ಇದು ಪಂಕ್ ಅಲ್ಲ, ನಾವು ಮೆತ್ತಗಾಗ್ತಾ ಇದ್ದೀವಿ’ ಅಂದ. ಕೇಳಲು ಬಂದ ಗೆಳೆಯರೂ ಅದನ್ನೇ ಹೇಳಿದರು. ಜಗಳ ಬೆಳೆಯಿತು. ಹೊರಗೆ ಮಳೆ, ಕರೆಂಟ್ ಇಲ್ಲ, ಆಂಪ್ಲಿಫೈಯರ್ ಸುಮ್ನೆ ಕೂತಿದೆ. ಆಗ ನಾನು ಹೇಳಿದ್ದು ಇಷ್ಟು: ಇದೇ ಮಾತನ್ನು ಕೇಳಿಸಿಕೊಂಡ ದೊಡ್ಡ ಬ್ಯಾಂಡ್ ಒಂದಿದೆ. ಅವರ ಆರೂ ಆಲ್ಬಂಗಳನ್ನು ಮೊದಲಿಂದ ಕೊನೆತನಕ ಕೇಳೋಣ. ಜಗಳ ಆಮೇಲೆ ಆಡಿ.

ಭಾನುವಾರ ಮಧ್ಯಾಹ್ನಗಳಲ್ಲಿ ಕೇಳಿದೆವು. ಇದು ಆ ಕೇಳುವಿಕೆಯ ವರದಿ. ಕ್ಲ್ಯಾಶ್ ಬಗ್ಗೆ ಬರೆಯುವವರು ಜಾಸ್ತಿ ಮಾತಾಡುವುದು ಹಾಡಿನ ರಾಜಕೀಯದ ಬಗ್ಗೆ, ಹಾಡುಗಾರ ಸ್ಟ್ರಮರ್‌ನ ಗಂಟಲಿನ ಬಗ್ಗೆ, ಗಿಟಾರಿನ ಬಗ್ಗೆ. ನನ್ನ ವಾದ ಬೇರೆ. ಈ ಬ್ಯಾಂಡ್‌ನ ಧ್ವನಿ ಬದಲಾದದ್ದು ತಳದಿಂದ. ಡ್ರಮ್ಸ್ ಹಿಂದೆ ಯಾರು ಕೂತಿದ್ದರು, ಅವರ ಕೈಗೆ ಏನು ಬರುತ್ತಿತ್ತು, ಪಕ್ಕದ ಬೇಸ್ ಎಷ್ಟು ಕಲಿತಿತ್ತು, ಇದನ್ನು ಹಿಡಿದುಕೊಂಡರೆ ಆರು ಆಲ್ಬಂಗಳ ದಾರಿ ಸಲೀಸಾಗಿ ಕಾಣುತ್ತದೆ.

ಮೊದಲು ಜನರ ಪರಿಚಯ. ಜೋ ಸ್ಟ್ರಮರ್ ಹುಟ್ಟಿದ್ದು 1952ರಲ್ಲಿ, ಟರ್ಕಿಯ ಅಂಕಾರದಲ್ಲಿ. ಅಪ್ಪ ಬ್ರಿಟಿಷ್ ವಿದೇಶಾಂಗ ಸೇವೆಯಲ್ಲಿದ್ದವರು. ಆ ಅಪ್ಪ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಸ್ಟ್ರಮರ್ ಮೊದಲು ಪಬ್‌ಗಳಲ್ಲಿ ರಾಕ್ ಅಂಡ್ ರೋಲ್ ನುಡಿಸುವ ಒಂದು ಬ್ಯಾಂಡ್‌ನಲ್ಲಿದ್ದ. 1976ರಲ್ಲಿ ಅದನ್ನು ಬಿಟ್ಟು ಗಿಟಾರಿನ ಮಿಕ್ ಜೋನ್ಸ್ ಜೊತೆ ಸೇರಿದ. ಬೇಸ್‌ಗೆ ಬಂದ ಪಾಲ್ ಸಿಮೊನನ್ ಚಿತ್ರಕಲೆ ಓದುತ್ತಿದ್ದವನು. ಅವನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಜೋನ್ಸ್ ಮೊದಲು ಗಿಟಾರ್ ಕಲಿಸಲು ನೋಡಿದ. ಆಗಲಿಲ್ಲ, ಬೇಸ್ ಕೊಟ್ಟ. ಯಾವ ಜಾಗದಲ್ಲಿ ಯಾವ ಸ್ವರ ಅಂತ ಬೇಸ್‌ನ ಕುತ್ತಿಗೆಯ ಮೇಲೆ ಗುರುತು ಬರೆದುಕೊಂಡು ಅವನು ನುಡಿಸಿದ. ಆದರೆ ಅವನ ಕಿವಿಯಲ್ಲಿ ಒಂದು ಆಸ್ತಿ ಇತ್ತು. ಅವನು ಬೆಳೆದದ್ದು ದಕ್ಷಿಣ ಲಂಡನ್ನಿನ ಬ್ರಿಕ್ಸ್ಟನ್ ಕಡೆ. ಜಮೈಕಾದಿಂದ ಬಂದು ನೆಲೆಸಿದವರು ತುಂಬ ಇದ್ದ ಜಾಗ ಅದು. ಅವರ ರೆಗೆ ಅವನಿಗೆ ಬೀದಿಯ ಸಂಗೀತವಾಗಿತ್ತು.

ಅಷ್ಟೇ ಅಲ್ಲ. ಆಗ ಲಂಡನ್ನಿನಲ್ಲಿ ಪಂಕ್ ಹುಡುಗರು ಸೇರುತ್ತಿದ್ದ ರಾಕ್ಸಿ ಕ್ಲಬ್‌ನಲ್ಲಿ ಡಾನ್ ಲೆಟ್ಸ್ ರೆಕಾರ್ಡ್ ಹಾಕುತ್ತಿದ್ದ. ಪಂಕ್ ರೆಕಾರ್ಡ್‌ಗಳು ಇನ್ನೂ ಬಂದಿರಲೇ ಇಲ್ಲ. ಹಾಗಾಗಿ ಅವನು ಹಾಕುತ್ತಿದ್ದದ್ದು ರೆಗೆ ಮತ್ತು ಡಬ್ (ರೆಗೆ ಹಾಡಿನ ಮಾತು ಕಡಿಮೆ ಮಾಡಿ ಬೇಸ್, ಡ್ರಮ್ಸ್ ಮುಂದಿಟ್ಟ ರೂಪ). ಅಂದರೆ ಪಂಕ್ ಕೇಳಲು ಬಂದ ಹುಡುಗರು ಎರಡು ಬ್ಯಾಂಡ್‌ಗಳ ನಡುವಿನ ಹೊತ್ತಿನಲ್ಲಿ ಕೇಳಿದ್ದು ಜಮೈಕಾದ ಲಯ. ಇದು ಮುಖ್ಯವಾದ ಸಂಗತಿ. ಮುಂದೆ ಕ್ಲ್ಯಾಶ್ ಹೊರಗಿನಿಂದ ತಂದಿತು ಅಂತ ಜನ ಹೇಳುವ ಲಯ ಮೊದಲ ದಿನದಿಂದ ಅದೇ ಕೋಣೆಯಲ್ಲಿತ್ತು. ಅದನ್ನು ನುಡಿಸುವ ಕೈ ಮಾತ್ರ ಇರಲಿಲ್ಲ.

ಮೊದಲ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದ್ದು ಟೆರ್ರಿ ಚೈಮ್ಸ್. ಆ ಹೊತ್ತಿಗೆ ಅವನು ಬ್ಯಾಂಡ್ ಬಿಡುವ ತೀರ್ಮಾನ ಮಾಡಿಯಾಗಿತ್ತು. ರೆಕಾರ್ಡಿಂಗ್‌ಗಾಗಿ ಮಾತ್ರ ಬಂದ. ಅವನ ಮೇಲಿನ ಸಿಟ್ಟಿಗೆ ಕವರ್ ಮೇಲೆ ಅವನ ಹೆಸರನ್ನೇ ತಿರುಚಿ ‘ಟೋರಿ ಕ್ರೈಮ್ಸ್’ ಅಂತ ಹಾಕಿದರು. ಇಡೀ ಆಲ್ಬಂ ಕೆಲವೇ ವಾರಾಂತ್ಯಗಳಲ್ಲಿ ಮುಗಿಯಿತು. ಚೈಮ್ಸ್ ಗಟ್ಟಿ ಕೈ. ನೇರ ನಡಿಗೆ. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ ಕಿಕ್ ಒಂದಕ್ಕೆ, ಕೋಲಿನ ಚೂಪು ಪೆಟ್ಟಿನ ಸ್ನೇರ್ ಎರಡಕ್ಕೆ, ಮತ್ತೆ ಹಾಗೆಯೇ. ತಿರುವುಗಳು ಕಡಿಮೆ. ಅದರಿಂದ ಆ ಆಲ್ಬಂಗೆ ಒಂದು ಚೂಪು ಬಂದಿದೆ. ಎಲ್ಲರೂ ಒಂದೇ ಬಾಗಿಲಿಂದ ಹೊರಗೆ ನುಗ್ಗುವ ಹಾಗಿದೆ. ನಮ್ಮ ಗಿಟಾರ್ ಹುಡುಗ ಕೇಳಿ ಎದ್ದು ನಿಂತ. ‘ಇದು ನೋಡಿ ಪಂಕ್’ ಅಂದ. ಸರಿಯೇ.

ಆದರೆ ಅದೇ ಆಲ್ಬಂನಲ್ಲಿ ‘ಪೊಲೀಸ್ ಅಂಡ್ ಥೀವ್ಸ್’ ಇದೆ. ಜೂನಿಯರ್ ಮರ್ವಿನ್ ಹಾಡಿದ ಜಮೈಕಾದ ಹಾಡು, ಅದರ ಹಿಂದಿನ ವರ್ಷವಷ್ಟೇ ಬಂದದ್ದು. ಕ್ಲ್ಯಾಶ್ ಅದನ್ನು ಆರು ನಿಮಿಷ ನುಡಿಸಿದೆ. ಉಳಿದ ಹಾಡುಗಳು ಎರಡು, ಎರಡೂವರೆ ನಿಮಿಷ ಇರುವ ಆಲ್ಬಂನಲ್ಲಿ ಆರು ನಿಮಿಷ! ಇಲ್ಲಿ ನಾನು ಹಾಡು ನಿಲ್ಲಿಸಿ ಹುಡುಗರಿಗೆ ಲಯ ಬಿಡಿಸಿ ತೋರಿಸಿದೆ. ರೆಗೆಯಲ್ಲಿ ‘ಒನ್ ಡ್ರಾಪ್’ ಅಂತ ಒಂದು ನಡೆ ಇದೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದು ಖಾಲಿ. ಕಿಕ್ ಬೀಳುವುದು ಮೂರನೆಯದಕ್ಕೆ, ಸ್ನೇರ್‌ನ ಅಂಚಿನ ಪೆಟ್ಟೂ ಅದರ ಜೊತೆಗೇ. ರಾಕ್ ಕೇಳಿದ ಕಿವಿ ಮೊದಲ ಎಣಿಕೆಯಲ್ಲಿ ಪೆಟ್ಟಿಗಾಗಿ ಕಾಯುತ್ತದೆ. ಅದು ಬರುವುದಿಲ್ಲ. ಕರ್ನಾಟಕ ಸಂಗೀತ ಕೇಳಿದವರಿಗೆ ಇದು ತೀರಾ ಹೊಸದಲ್ಲ. ತಾಳ ಶುರುವಾಗಿ ಒಂದು ಬಿಡುವು ಕಳೆದ ಮೇಲೆ ಸಾಹಿತ್ಯ ಎತ್ತುವ ಅನಾಗತ ಎಡುಪು ನಮಗೆ ಗೊತ್ತು. ಸಮದಲ್ಲಿ, ಅಂದರೆ ತಾಳ ಶುರುವಾಗುವ ಜಾಗದಲ್ಲಿ, ಮೌನ ಇದ್ದರೂ ಸಮ ಎಲ್ಲಿದೆ ಅಂತ ಕೈ ಹೇಳುತ್ತಾ ಇರುತ್ತದೆ.

ಕ್ಲ್ಯಾಶ್‌ನ ‘ಪೊಲೀಸ್ ಅಂಡ್ ಥೀವ್ಸ್’ನಲ್ಲಿ ಈ ಖಾಲಿ ಜಾಗ ಇಲ್ಲ. ಚೈಮ್ಸ್ ಅದನ್ನು ರಾಕ್ ಥರವೇ ತುಂಬಿ ನುಡಿಸಿದ್ದಾನೆ. ರೆಗೆಯ ನೆನಪು ಉಳಿದಿರುವುದು ಗಿಟಾರುಗಳಲ್ಲಿ. ಒಂದು ಗಿಟಾರ್ ಎಣಿಕೆಯ ಮೇಲೆ, ಇನ್ನೊಂದು ಎಣಿಕೆಗಳ ನಡುವೆ. ಈ ಜೋಡಣೆ ಜೋನ್ಸ್‌ನದು. ಆ ಹೊತ್ತಿಗೆ ಅದೇ ಸರಿಯಾದ ಉಪಾಯ. ಕೈಯಲ್ಲಿರುವ ಡ್ರಮ್ಮರ್‌ಗೆ ಏನು ಬರುತ್ತದೋ ಅದರ ಮೇಲೆ ಹಾಡು ಕಟ್ಟಿದರು. ಬಾಬ್ ಮಾರ್ಲಿ ಇದನ್ನು ಕೇಳಿ ಮೆಚ್ಚಿದ. ಅದೇ ವರ್ಷ ಪಂಕ್ ಮತ್ತು ರೆಗೆ ಸೇರಿದ ಹಬ್ಬದ ಬಗ್ಗೆಯೇ ಒಂದು ಹಾಡು ಮಾಡಿ ಅದರಲ್ಲಿ ಕ್ಲ್ಯಾಶ್ ಹೆಸರು ಹೇಳಿದ.

1977ರಲ್ಲಿ ಹೊಸ ಡ್ರಮ್ಮರ್ ಟಾಪರ್ ಹೆಡನ್ ಬಂದ. ಈ ಪ್ರಕರಣದ ತಿರುವು ಇದೇ.

ಹೆಡನ್‌ಗೆ ಜಾಝ್ ಗೊತ್ತು, ಸೋಲ್ ಗೊತ್ತು, ಫಂಕ್ ಗೊತ್ತು. ಪಂಕ್ ಮೇಲೆ ಅವನಿಗೆ ಅಂಥ ಒಲವೇನೂ ಇರಲಿಲ್ಲ. ಒಂದು ವರ್ಷ ಇದ್ದು ಹೆಸರು ಮಾಡಿಕೊಂಡು ಬೇರೆ ಕಡೆ ಹೋಗೋಣ ಅಂತ ಬಂದವನು. ಐದು ವರ್ಷ ಉಳಿದ. ಅವನು ಬಂದ ಮೇಲಿನ ಬಿಡಿ ಹಾಡುಗಳಲ್ಲಿ, ಅಂದರೆ ಸಿಂಗಲ್‌ಗಳಲ್ಲೇ ವ್ಯತ್ಯಾಸ ಕೇಳುತ್ತದೆ. 1977ರ ‘ಕಂಪ್ಲೀಟ್ ಕಂಟ್ರೋಲ್’ ಹಾಡಿನ ನಿರ್ಮಾಪಕ ಜಮೈಕಾದ ಲೀ ಪೆರಿ. ‘ಪೊಲೀಸ್ ಅಂಡ್ ಥೀವ್ಸ್’ನ ಮೂಲ ಹಾಡನ್ನು ಮಾಡಿದವನೂ ಅವನೇ. ಮಜಾ ಅಂದರೆ ಆ ಹಾಡು ರೆಗೆ ಅಲ್ಲವೇ ಅಲ್ಲ, ಅಪ್ಪಟ ರಾಕ್. ಮಾರನೇ ವರ್ಷ, 1978ರ ಜೂನ್‌ನಲ್ಲಿ, ಹ್ಯಾಮರ್‌ಸ್ಮಿತ್ ಪ್ಯಾಲೇ ಎಂಬ ಸಭಾಂಗಣದ ಬಗ್ಗೆ ಬರೆದ ಸಿಂಗಲ್ ಬಂತು. ಸ್ಟ್ರಮರ್ ಅಲ್ಲಿಗೆ ಹೋಗಿ ರಾತ್ರಿಯಿಡೀ ರೆಗೆ ಕೇಳಿದ ಅನುಭವ ಅದು. ಇಲ್ಲಿ ಡ್ರಮ್ಸ್ ಬಿಡುವು ಕೊಡುತ್ತದೆ. ಬೇಸ್‌ಗೆ ಓಡಾಡಲು ಜಾಗ ಸಿಗುತ್ತದೆ. ಗಿಟಾರ್ ಬಂದಾಗ ರಾಕ್, ಹೋದಾಗ ರೆಗೆ. ನನಗೆ ಕೇಳಿದರೆ ಕ್ಲ್ಯಾಶ್‌ನ ಮುಂದಿನ ನಾಲ್ಕು ವರ್ಷದ ಬೀಜ ಈ ಒಂದು ಹಾಡಿನಲ್ಲಿದೆ. ಒಬ್ಬರಿಗೆ ಕ್ಲ್ಯಾಶ್‌ನ ಒಂದೇ ಹಾಡು ಕೇಳಿಸಬೇಕು ಅಂದರೆ ನಾನು ಇದನ್ನೇ ಹಾಕುತ್ತೇನೆ.

ಅದೇ ವರ್ಷ ನವೆಂಬರ್‌ನಲ್ಲಿ ಬಂದ ಎರಡನೇ ಆಲ್ಬಂ ‘ಗಿವ್ ಎಮ್ ಇನಫ್ ರೋಪ್’ ಮಾತ್ರ ಈ ಬೀಜಕ್ಕೆ ನೀರು ಹಾಕಲಿಲ್ಲ. ಮೊದಲ ಆಲ್ಬಂ ತೀರಾ ಒರಟು ಅಂತ ಅಮೆರಿಕದ ಕಂಪನಿ ಬಿಡುಗಡೆ ಮಾಡಿರಲಿಲ್ಲ. 1979ರ ತನಕ ಅಲ್ಲಿ ಅದು ಆಮದಾಗಿಯೇ ಮಾರಾಟವಾಯಿತು. ಈ ಸಲ ಅಮೆರಿಕದ ನಿರ್ಮಾಪಕ ಸ್ಯಾಂಡಿ ಪರ್ಲ್‌ಮನ್‌ನನ್ನು ಕರೆದರು. ಅವನು ಹಾರ್ಡ್ ರಾಕ್ ಮಾಡಿದವನು. ಧ್ವನಿ ದೊಡ್ಡದಾಯಿತು, ನುಣುಪಾಯಿತು. ಹೆಡನ್‌ನ ಕೈ ಅವನಿಗೆ ಎಷ್ಟು ಹಿಡಿಸಿತು ಅಂದರೆ ‘ಮನುಷ್ಯ ರೂಪದ ಡ್ರಮ್ ಮಷೀನ್’ ಅಂತ ಕರೆದ. ಕಾಲಪ್ರಮಾಣ ಒಂದಿಷ್ಟೂ ಅಲುಗುವುದಿಲ್ಲ ಅಂತ ಅರ್ಥ. ‘ಟಾಮಿ ಗನ್’ನಲ್ಲಿ ಸ್ನೇರ್ ನಿಜಕ್ಕೂ ಮಷೀನ್ ಗನ್ ಥರ ಸಿಡಿಯುತ್ತದೆ. ಕೇಳಲು ಚೆನ್ನ. ಆದರೆ ಇಷ್ಟೆಲ್ಲ ಗೊತ್ತಿರುವ ಡ್ರಮ್ಮರ್ ಕೈಯಲ್ಲಿ ಒಂದೇ ಕೆಲಸ ಮಾಡಿಸಿದ ಆಲ್ಬಂ ಇದು. ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ನಮ್ಮ ಕೋಣೆಯಲ್ಲಿ ಇದನ್ನು ಎರಡನೇ ಸಲ ಹಾಕಿ ಅಂತ ಯಾರೂ ಕೇಳಲಿಲ್ಲ.

ಈಗ ‘ಲಂಡನ್ ಕಾಲಿಂಗ್’. ಇದಕ್ಕೆ ಸಮಯ ಕೊಡಲೇಬೇಕು.

1979ರಲ್ಲಿ ಕ್ಲ್ಯಾಶ್‌ನ ಹತ್ತಿರ ಮ್ಯಾನೇಜರ್ ಇರಲಿಲ್ಲ, ಮೊದಲಿನ ಬರ್ನಿ ರೋಡ್ಸ್‌ನನ್ನು ಕಳಿಸಿಬಿಟ್ಟಿದ್ದರು. ಅಭ್ಯಾಸದ ಹಳೆಯ ಜಾಗವೂ ಹೋಗಿತ್ತು. ಪಿಮ್ಲಿಕೊ ಎಂಬ ಕಡೆ, ಒಂದು ಗ್ಯಾರೇಜಿನ ಹಿಂದೆ, ವನಿಲ್ಲಾ ಅನ್ನುವ ಅಭ್ಯಾಸದ ಜಾಗ ಹಿಡಿದರು. ತಿಂಗಳುಗಟ್ಟಲೆ ಅಲ್ಲಿ ನುಡಿಸಿದರು. ನಡುವೆ ಎದುರಿನ ಮೈದಾನದಲ್ಲಿ ಫುಟ್‌ಬಾಲ್. ಹೊರಗಿನವರನ್ನು ಜಾಸ್ತಿ ಬಿಡಲಿಲ್ಲ. ಹೊಸ ಹಾಡು ಬರೆಯುವ ಮೊದಲು ಹಳೆಯ ಹಾಡುಗಳನ್ನು ನುಡಿಸುತ್ತಾ ಹೋದರು. ರಾಕಬಿಲಿ, ರೆಗೆ, ಸ್ಕಾ, ರಿದಮ್ ಅಂಡ್ ಬ್ಲೂಸ್, ಸಿಕ್ಕಿದ್ದೆಲ್ಲ. ಈ ತಿಂಗಳುಗಳಲ್ಲಿ ನಡೆದದ್ದು ಒಂದೇ: ಉಳಿದ ಮೂವರು ಹೆಡನ್‌ಗೆ ಮೊದಲೇ ಗೊತ್ತಿದ್ದದ್ದನ್ನು ಕಲಿತರು. ಅವನು ಲಯ ಹಾಕಿದ, ಉಳಿದವರು ಅದರೊಳಗೆ ಹೆಜ್ಜೆ ಇಡಲು ಕಲಿತರು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ರೆಕಾರ್ಡಿಂಗ್ ಆದದ್ದು ವೆಸೆಕ್ಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಗೈ ಸ್ಟೀವನ್ಸ್ ಕುರ್ಚಿ ಎಸೆಯುತ್ತಿದ್ದ, ಏಣಿ ಬೀಸುತ್ತಿದ್ದ, ಪಿಯಾನೊ ಮೇಲೆ ವೈನ್ ಸುರಿದ. ನುಡಿಸುವವರ ಮೈಯಲ್ಲಿ ಬಿಸಿ ಇರಲಿ ಅನ್ನುವುದು ಅವನ ದಾರಿ. ಬಿಲ್ ಪ್ರೈಸ್ ಎಂಬ ಎಂಜಿನಿಯರ್ ಪಕ್ಕದಲ್ಲಿ ಕೂತು ಎಲ್ಲವನ್ನೂ ಟೇಪಿಗೆ ಇಳಿಸುತ್ತಿದ್ದ. ‘ಬ್ರಾಂಡ್ ನ್ಯೂ ಕ್ಯಾಡಿಲಾಕ್’ ಎಂಬ ಹಳೆಯ ಹಾಡನ್ನು ಒಂದು ಸಲ ನುಡಿಸಿದರು. ಹೆಡನ್ ತಡೆದ. ‘ಇದು ಹೋಗ್ತಾ ಹೋಗ್ತಾ ವೇಗ ಆಯ್ತು, ಇನ್ನೊಂದು ಸಲ ತಗೊಳ್ಳೋಣ’ ಅನ್ನುವುದು ಅವನ ವಾದ. ರಾಕ್ ಅಂಡ್ ರೋಲ್ ಎಲ್ಲ ಹಾಗೆ ವೇಗ ಆಗುವುದೇ ಅಂತ ಸ್ಟೀವನ್ಸ್ ಅದನ್ನೇ ಉಳಿಸಿಕೊಂಡ. ಈ ಕಥೆ ಹೇಳಿದಾಗ ನಮ್ಮ ಡ್ರಮ್ಸ್ ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಮೆಟ್ರೊನೋಮ್ ಹಾಕಿಕೊಂಡು ಅಭ್ಯಾಸ ಮಾಡು ಅಂತ ನಾನು ಅವನಿಗೆ ದಿನವೂ ಹೇಳುತ್ತೇನೆ. ಈಗಲೂ ಹೇಳುತ್ತೇನೆ. ಕಾಲಪ್ರಮಾಣ ಹಿಡಿಯಲು ಬರುವವನು ಅದನ್ನು ಬಿಟ್ಟಾಗ ಸಿಗುವ ವೇಗ ಬೇರೆ. ಹಿಡಿಯಲು ಬಾರದೆ ಓಡುವ ವೇಗ ಬೇರೆ. ಆ ಹಾಡಿನಲ್ಲಿ ಕೇಳುವುದು ಮೊದಲನೆಯದು.

ಈ ಆಲ್ಬಂನ 19 ಹಾಡುಗಳಲ್ಲಿ ಒಂದರ ನಡೆ ಇನ್ನೊಂದರಲ್ಲಿಲ್ಲ. ‘ಲಂಡನ್ ಕಾಲಿಂಗ್’ ಹಾಡು ಮೆರವಣಿಗೆಯ ಹೆಜ್ಜೆಯಲ್ಲಿ ಬರುತ್ತದೆ. ‘ಜಿಮ್ಮಿ ಜಾಝ್’ ತೂಗಾಡುತ್ತಾ ಬರುತ್ತದೆ. ‘ರೂಡಿ ಕಾಂಟ್ ಫೇಲ್’ನಲ್ಲಿ ಕೊಂಬು ವಾದ್ಯಗಳ ಗುಂಪು ಸೇರಿ ಹಬ್ಬ ಮಾಡುತ್ತದೆ. ‘ಟ್ರೇನ್ ಇನ್ ವೇನ್’ ಶುರುವಾಗುವುದೇ ಹೆಡನ್‌ನ ಡ್ರಮ್ಸ್‌ನಿಂದ. ಈ ಕೊನೆಯ ಹಾಡನ್ನು ಕವರ್ ಮುದ್ರಣವಾದ ಮೇಲೆ ಸೇರಿಸಿದ್ದರಿಂದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆದರೂ ಅಮೆರಿಕದಲ್ಲಿ 23ನೇ ಸ್ಥಾನಕ್ಕೆ ಹೋಯಿತು.

ಇವೆಲ್ಲಕ್ಕಿಂತ ನಾವು ಜಾಸ್ತಿ ಹೊತ್ತು ಕೂತದ್ದು ‘ದಿ ಗನ್ಸ್ ಆಫ್ ಬ್ರಿಕ್ಸ್ಟನ್’ ಮೇಲೆ. ಬೇಸ್‌ನ ಸಿಮೊನನ್ ಬರೆದು ತಾನೇ ಹಾಡಿದ ಮೊದಲ ಹಾಡು. ಮೂರು ವರ್ಷದ ಹಿಂದೆ ಸ್ವರದ ಗುರುತು ನೋಡಿಕೊಂಡು ನುಡಿಸುತ್ತಿದ್ದವನು ಇಲ್ಲಿ ಇಡೀ ಹಾಡನ್ನು ಬೇಸ್ ಮೇಲೆ ನಿಲ್ಲಿಸಿದ್ದಾನೆ. ಗಿಟಾರ್ ಅಲ್ಲಿ ಬರೀ ಚುಚ್ಚುತ್ತದೆ. ಬೇಸ್‌ನ ಆ ಸಾಲು ತಗ್ಗಿನಲ್ಲಿ ಸುತ್ತುತ್ತಾ ಬೆದರಿಸುತ್ತದೆ. ಕೂಗಿಲ್ಲ, ಓಟವಿಲ್ಲ. ಆದರೂ ‘ವೈಟ್ ರಯಟ್’ಗಿಂತ ಇದರಲ್ಲಿ ಅಪಾಯ ಜಾಸ್ತಿ ಇದೆ. ನಮ್ಮ ಬೇಸ್ ಹುಡುಗ ಅವತ್ತೇ ಆ ಸಾಲು ಹಿಡಿದ. ಗಿಟಾರ್ ಹುಡುಗ ಮೊದಲ ಸಲ ಏನೂ ಹೇಳಲಿಲ್ಲ. ನಿಧಾನ ಅಂದರೆ ಮೆತ್ತಗೆ ಅಲ್ಲ ಅನ್ನುವುದು ಅವನಿಗೆ ಕಿವಿಯಿಂದಲೇ ಗೊತ್ತಾಗಿತ್ತು ಅಂತ ನನ್ನ ಅನಿಸಿಕೆ.

ಎರಡು ರೆಕಾರ್ಡ್‌ಗಳ ಈ ಆಲ್ಬಂ ಅನ್ನು ಒಂದು ರೆಕಾರ್ಡಿನ ಬೆಲೆಗೆ ಮಾರಬೇಕು ಅಂತ ಬ್ಯಾಂಡ್ ಹಟ ಹಿಡಿಯಿತು. ಕಂಪನಿ ಮೊದಲು ಒಪ್ಪಲಿಲ್ಲ, ಕೊನೆಗೆ ಆ ಬೆಲೆಗೇ ಬಂತು. ಕವರ್ ಮೇಲೆ ಸಿಮೊನನ್ ನ್ಯೂಯಾರ್ಕಿನ ವೇದಿಕೆಯಲ್ಲಿ ಬೇಸ್ ಒಡೆಯುತ್ತಿರುವ ಫೋಟೊ. ತೆಗೆದ ಪೆನ್ನಿ ಸ್ಮಿತ್‌ಗೆ ಅದು ಮಸುಕಾಗಿದೆ ಅಂತ ಬಳಸಲು ಇಷ್ಟವಿರಲಿಲ್ಲ. ಇಂದು ರಾಕ್ ಸಂಗೀತದ ಅತಿ ಪರಿಚಿತ ಚಿತ್ರಗಳಲ್ಲಿ ಅದೂ ಒಂದು.

ಮಾರನೇ ಡಿಸೆಂಬರ್‌ಗೆ, 1980ರಲ್ಲಿ, ‘ಸ್ಯಾಂಡಿನಿಸ್ತಾ!’ ಬಂತು. ಮೂರು ರೆಕಾರ್ಡ್, ಆರು ಬದಿ, ಬದಿಗೆ ಆರರಂತೆ 36 ಹಾಡು. ಬೆಲೆ ಕಡಿಮೆ ಇಡಲು ಬ್ರಿಟನ್ನಿನಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟರು. ಲಂಡನ್, ನ್ಯೂಯಾರ್ಕ್, ಜಮೈಕಾದ ಕಿಂಗ್‌ಸ್ಟನ್, ಹೀಗೆ ಹಲವು ಕಡೆ ರೆಕಾರ್ಡ್ ಮಾಡಿದರು. ಜಮೈಕಾದ ಮೈಕಿ ಡ್ರೆಡ್ ಡಬ್ ಮಾಡಲು ಜೊತೆಗಿದ್ದ. ಇದರಲ್ಲಿ ಇಲ್ಲದ್ದು ಇಲ್ಲ. ಗಾಸ್ಪೆಲ್, ಕ್ಯಾಲಿಪ್ಸೊ, ವಾಲ್ಟ್ಜ್, ಮಕ್ಕಳು ಹಾಡಿದ ಹಾಡು, ಹಿಂದುಮುಂದಾಗಿ ಓಡಿಸಿದ ಟೇಪು. ನಿಜ ಹೇಳಬೇಕೆಂದರೆ ಕೊನೆಯ ಎರಡು ಬದಿಯಲ್ಲಿ ಬಿಡಬಹುದಾದ್ದು ತುಂಬ ಇದೆ. ಆದರೆ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಇರುವ ಆಲ್ಬಂ ಅನ್ನು ನಾನು ಬೈಯಲಾರೆ. ನ್ಯೂಯಾರ್ಕಿನಲ್ಲಿ ರ‍್ಯಾಪ್ ಇನ್ನೂ ಹೊಸದಾಗಿದ್ದಾಗ, ಬೆಳಗ್ಗೆ ಏಳಕ್ಕೆ ಎದ್ದು ಕೆಲಸಕ್ಕೆ ಓಡುವವನ ಬಗ್ಗೆ ಸ್ಟ್ರಮರ್ ಮಾತಿನ ಲಯದಲ್ಲಿ ಹೇಳಿದ ಹಾಡು ಅದು. ಸಿಮೊನನ್ ಸಿನಿಮಾ ಚಿತ್ರೀಕರಣಕ್ಕೆ ಹೋಗಿದ್ದ. ಅವನ ಬದಲು ನಾರ್ಮನ್ ವಾಟ್-ರಾಯ್ ಬೇಸ್ ನುಡಿಸಿದ. ಆ ಸುತ್ತುವ ಫಂಕ್ ಸಾಲಿನ ಕೆಳಗೆ ಹೆಡನ್ ಸ್ವಲ್ಪವೂ ಅಲುಗದೆ ಕೂತಿದ್ದಾನೆ. ನ್ಯೂಯಾರ್ಕಿನ ಕಪ್ಪು ಜನರ ರೇಡಿಯೊ ಒಂದು ಇದನ್ನು ತನ್ನದೇ ಹಾಡಿನಂತೆ ನುಡಿಸಿತು.

ಆದರೆ ಅದೇ ನ್ಯೂಯಾರ್ಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ನಮ್ಮ ಹುಡುಗರ ಜಗಳಕ್ಕೆ ನೇರ ಸಂಬಂಧಪಟ್ಟದ್ದು. 1981ರಲ್ಲಿ ಟೈಮ್ಸ್ ಸ್ಕ್ವೇರಿನ ಬಾಂಡ್ಸ್ ಎಂಬ ಜಾಗದಲ್ಲಿ ಕ್ಲ್ಯಾಶ್ ಸರಣಿ ಕಾರ್ಯಕ್ರಮ ಕೊಟ್ಟಿತು. ಜಾಗಕ್ಕಿಂತ ಜಾಸ್ತಿ ಟಿಕೆಟ್ ಮಾರಿದ್ದರಿಂದ ಅಗ್ನಿಶಾಮಕದವರು ತಡೆದರು. ಟಿಕೆಟ್ ಕೊಂಡವರಿಗೆ ಮೋಸ ಆಗಬಾರದು ಅಂತ ಕಾರ್ಯಕ್ರಮಗಳನ್ನು 17ಕ್ಕೆ ಏರಿಸಿದರು. ಶುರುವಿನಲ್ಲಿ ನುಡಿಸಲು ರ‍್ಯಾಪ್‌ನ ಮೊದಲ ಸಾಲಿನವನಾದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಅವನ ತಂಡವನ್ನು ಕರೆದಿದ್ದರು. ಕ್ಲ್ಯಾಶ್ ಕೇಳಲು ಬಂದ ಜನ ಅವರನ್ನು ಕೂಗಿ ಓಡಿಸಿದರು, ಲೋಟ ಎಸೆದರು. ಬ್ಯಾಂಡ್ ಎಲ್ಲಿಗೆ ಹೋಗಿತ್ತೋ ಅಲ್ಲಿಗೆ ಅದರ ಅಭಿಮಾನಿಗಳು ಹೋಗಿರಲಿಲ್ಲ. ಕ್ಲ್ಯಾಶ್‌ನವರಿಗೆ ತಮ್ಮವರ ಮೇಲೇ ಸಿಟ್ಟು ಬಂತು. ಇದನ್ನು ಹೇಳಿದಾಗ ಹಾಡುವ ಹುಡುಗಿ ಕೇಳಿದಳು: ‘ಹಾಗಾದ್ರೆ ಯಾರ ಮಾತು ಕೇಳ್ಬೇಕು?’ ನನ್ನ ಉತ್ತರ ನೇರ. ಕ್ಲ್ಯಾಶ್ ತನ್ನ ಜೊತೆ ನುಡಿಸುವವರ ಮಾತು ಕೇಳಿತು. ಮುಂದಿನ ಆಲ್ಬಂನಲ್ಲೂ ಹಿಂದಕ್ಕೆ ಹೋಗಲಿಲ್ಲ.

ಆ ಮುಂದಿನ ಆಲ್ಬಂ 1982ರ ‘ಕಾಂಬ್ಯಾಟ್ ರಾಕ್’. ‘ರಾಕ್ ದಿ ಕಾಸ್ಬಾ’ ಹುಟ್ಟಿದ್ದು ಹೀಗೆ. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋಗೆ ಹೆಡನ್ ಬಂದಾಗ ಉಳಿದವರು ಇನ್ನೂ ಬಂದಿರಲಿಲ್ಲ. ತಲೆಯಲ್ಲಿದ್ದ ರಾಗವನ್ನು ಒಬ್ಬನೇ ರೆಕಾರ್ಡ್ ಮಾಡತೊಡಗಿದ. ಡ್ರಮ್ಸ್, ಪಿಯಾನೊ, ಬೇಸ್, ಮೂರೂ ಅವನದೇ. ಉಳಿದವರು ಬಂದು ನೋಡುವಾಗ ಹಾಡಿನ ಮೈ ಸಿದ್ಧವಾಗಿತ್ತು. ಮಾತು ಸ್ಟ್ರಮರ್‌ದು. ಅದರ ಮೊದಲ ಸಾಲಿನಲ್ಲಿ ಒಬ್ಬ ರಾಜ ‘ರಾಗ’ವನ್ನು ಬಿಡಿ ಅನ್ನುತ್ತಾನೆ. ಹೌದು, ನಮ್ಮ ರಾಗವೇ. ಮರಳಿ ಬಂದಿದ್ದ ಮ್ಯಾನೇಜರ್ ರೋಡ್ಸ್ ಹಾಡುಗಳು ಉದ್ದ ಆಗುತ್ತಿರುವುದನ್ನು ನೋಡಿ, ಎಲ್ಲವೂ ರಾಗದಷ್ಟು ಉದ್ದ ಇರಬೇಕಾ ಅಂತ ರೇಗಿದ್ದ. ಆ ಮಾತನ್ನು ಸ್ಟ್ರಮರ್ ಹೋಟೆಲಿಗೆ ಹೋಗಿ ಹಾಡು ಮಾಡಿದ. ನಮ್ಮ ಕೋಣೆಯಲ್ಲಿ ಈ ಸಾಲು ಬಂದಾಗ ಎಲ್ಲರೂ ಒಟ್ಟಿಗೆ ಕೂಗಿದರು. ಆ ಭಾನುವಾರ ಹಾಡು ಮತ್ತೆ ಮತ್ತೆ ಓಡಿತು.

ಆದರೆ ಈ ಆಲ್ಬಂನ ಶಿಖರ ನನಗೆ ‘ಸ್ಟ್ರೇಟ್ ಟು ಹೆಲ್’. ರಾಕ್ ನಡೆ ಅದಕ್ಕೆ ಹೊಂದುತ್ತಿರಲಿಲ್ಲ. ಹೆಡನ್ ಬ್ರೆಜಿಲ್ಲಿನ ಬೊಸ್ಸಾ ನೋವಾ ಲಯಕ್ಕೆ ಹತ್ತಿರದ ಒಂದು ನಡೆ ಹಾಕಿದ. ಮುರಿಯುವ, ತಡೆಯುವ, ಮತ್ತೆ ಮುಂದೆ ಹೋಗುವ ನಡೆ. ಅವನ ಕಿಕ್ ಡ್ರಮ್ಮಿಗೆ ಸ್ಟ್ರಮರ್ ಮುಂದಿನಿಂದ ಟವೆಲ್ ಸುತ್ತಿದ ಬಾಟಲಿಯಲ್ಲಿ ಪೆಟ್ಟು ಹಾಕಿದ. ಕೆಲಸ ಮುಚ್ಚಿಹೋದ ಊರುಗಳು, ಅಮೆರಿಕದ ಸೈನಿಕರು ವಿಯೆಟ್ನಾಂನಲ್ಲಿ ಬಿಟ್ಟುಬಂದ ಮಕ್ಕಳು, ಹೀಗೆ ಯಾರಿಗೂ ಬೇಡವಾದವರ ಹಾಡು ಅದು. ಆ ಲಯ ಇಲ್ಲದೆ ಆ ಮಾತು ಬರೀ ಭಾಷಣ ಆಗುತ್ತಿತ್ತು. ಲಯದಿಂದ ಅದು ದುಃಖವಾಯಿತು. ಪಂಕ್ ಮೊದಲ ದಿನ ಹೇಳಹೊರಟದ್ದು ಇಂಥವರ ಮಾತನ್ನೇ ಅಲ್ವಾ?

ಜೋನ್ಸ್ ಈ ಆಲ್ಬಂ ಅನ್ನು ಎರಡು ರೆಕಾರ್ಡಿನಷ್ಟು ಉದ್ದ ಮಿಕ್ಸ್ ಮಾಡಿದ್ದ. ಉಳಿದವರು ಒಪ್ಪಲಿಲ್ಲ. ನಿರ್ಮಾಪಕ ಗ್ಲಿನ್ ಜಾನ್ಸ್‌ನನ್ನು ಕರೆಸಿ ಒಂದೇ ರೆಕಾರ್ಡಿಗೆ ಕತ್ತರಿಸಿದರು. ಅಷ್ಟರಲ್ಲಿ ಹೆಡನ್‌ನ ಹೆರಾಯಿನ್ ಚಟ ಕೈಮೀರಿತ್ತು. ಆಲ್ಬಂ ಬರುವ ಹೊತ್ತಿಗೆ ಅವನನ್ನು ತೆಗೆದರು. ಪ್ರವಾಸಕ್ಕೆ ಮೊದಲಿನ ಟೆರ್ರಿ ಚೈಮ್ಸ್ ಮರಳಿ ಬಂದ. ‘ರಾಕ್ ದಿ ಕಾಸ್ಬಾ’ದ ವಿಡಿಯೊದಲ್ಲಿ ಡ್ರಮ್ಸ್ ಹಿಂದೆ ಕಾಣುವುದು ಚೈಮ್ಸ್. ಆ ಹಾಡಿನ ಡ್ರಮ್ಸ್, ಪಿಯಾನೊ, ಬೇಸ್ ಮೂರನ್ನೂ ನುಡಿಸಿದವನು ಅದರಲ್ಲಿ ಇಲ್ಲ. ಆ ವಿಡಿಯೊವನ್ನು ನಾನು ಈಗಲೂ ಪೂರ್ತಿ ನೋಡಲಾರೆ. ಬ್ಯಾಂಡಿಗೆ ಬೇರೆ ದಾರಿ ಇತ್ತೋ ಇಲ್ಲವೋ, ಆ ತೀರ್ಮಾನ ತಪ್ಪಾಗಿತ್ತು ಅಂತ ಸ್ಟ್ರಮರ್ ಮುಂದೆ ತಾನೇ ಹೇಳಿಕೊಂಡ.

ಉಳಿದದ್ದು ಬೇಗ ಮುಗಿಯುತ್ತದೆ. 1983ರಲ್ಲಿ ಜೋನ್ಸ್‌ನನ್ನೂ ತೆಗೆದರು. 1985ರಲ್ಲಿ ಆರನೇ ಆಲ್ಬಂ ‘ಕಟ್ ದಿ ಕ್ರಾಪ್’ ಬಂತು, ನಿರ್ಮಾಣ ರೋಡ್ಸ್‌ನದು. ಪೀಟ್ ಹೋವರ್ಡ್ ಎಂಬ ಡ್ರಮ್ಮರ್ ಬ್ಯಾಂಡ್‌ನಲ್ಲಿದ್ದ. ಆದರೆ ಆಲ್ಬಂನಲ್ಲಿ ಬಹುಪಾಲು ಕೇಳುವುದು ಡ್ರಮ್ ಮಷೀನ್. ಮನುಷ್ಯ ರೂಪದ ಡ್ರಮ್ ಮಷೀನ್ ಹೋಗಿ ನಿಜವಾದ ಮಷೀನ್ ಬಂತು. ಅದರ ಮೇಲೆ ಗುಂಪಿನ ಕೂಗು. ಮೊದಲ ಆಲ್ಬಂನ ಪಂಕ್‌ಗೆ ವಾಪಸ್ ಹೋಗುತ್ತೇವೆ ಅನ್ನುವುದು ಅವರ ಘೋಷಣೆಯಾಗಿತ್ತು. ‘ದಿಸ್ ಈಸ್ ಇಂಗ್ಲೆಂಡ್’ ಒಂದು ಹಾಡು ನಿಲ್ಲುತ್ತದೆ. ಉಳಿದದ್ದನ್ನು ಕೇಳುವುದು ಕಷ್ಟ. 1986ರ ಶುರುವಿಗೆ ಬ್ಯಾಂಡ್ ಮುಗಿದಿತ್ತು.

ಹಾಡುವ ಹುಡುಗಿ ನನ್ನ ವಾದ ಒಪ್ಪಲಿಲ್ಲ. ಅವಳ ಪ್ರಕಾರ ಬದಲಾವಣೆಯ ಮೂಲ ಜೋನ್ಸ್. ‘ಪೊಲೀಸ್ ಅಂಡ್ ಥೀವ್ಸ್’ನ ಗಿಟಾರ್ ಜೋಡಿಸಿದವನು ಅವನು. ನ್ಯೂಯಾರ್ಕಿನ ರ‍್ಯಾಪ್ ಹಿಂದೆ ಬಿದ್ದವನೂ ಅವನು. ಹೊರಬಿದ್ದ ಮೇಲೆ ಡಾನ್ ಲೆಟ್ಸ್ ಜೊತೆ ಸೇರಿ ಬಿಗ್ ಆಡಿಯೊ ಡೈನಮೈಟ್ ಕಟ್ಟಿ, 1985ರಲ್ಲೇ ಸಿನಿಮಾ ತುಣುಕುಗಳ ಧ್ವನಿ, ಡ್ರಮ್ ಮಷೀನ್ ಎರಡನ್ನೂ ಸೇರಿಸಿ ಚೆಂದದ ಆಲ್ಬಂ ಮಾಡಿದ. ಅಂದರೆ ಮಷೀನ್ ಇದ್ದ ಮಾತ್ರಕ್ಕೆ ಹಾಡು ಕೆಡುವುದಿಲ್ಲ. ಈ ಮಾತು ಗಟ್ಟಿ, ಒಪ್ಪುತ್ತೇನೆ. ಜೋನ್ಸ್‌ನ ಕಿವಿ ಇಲ್ಲದೆ ಕ್ಲ್ಯಾಶ್ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಆದರೆ 1977ರಲ್ಲೂ ಅದೇ ಕಿವಿ ಇತ್ತು, ಅದೇ ಆಸೆ ಇತ್ತು. ಹೋಗಲು ಆದದ್ದು ಹೆಡನ್ ಬಂದ ಮೇಲೆ. ಇಬ್ಬರೂ ಹೋದ ಮೇಲೆ ಬ್ಯಾಂಡ್ ನಿಂತಲ್ಲೇ ನಿಂತಿತು.

ನಮ್ಮ ಬ್ಯಾಂಡ್ ಏನು ಮಾಡಿತು? ಮೊದಲು ಕೆಲಸದ ಮಾತು. ಡ್ರಮ್ಸ್ ಹುಡುಗನಿಗೆ ನಾನು ಒನ್ ಡ್ರಾಪ್ ಅನ್ನು ಪೂರ್ತಿ ಕಲಿಸಿದೆ. ಜೋಡಿ ತಟ್ಟೆಯ ಹೈ-ಹ್ಯಾಟ್ ಓಡುತ್ತಿರಬೇಕು, ಮೊದಲ ಎಣಿಕೆಯಲ್ಲಿ ಕಾಲು ಸುಮ್ಮನಿರಬೇಕು. ರಾಕ್ ಕಲಿತ ಕಾಲಿಗೆ ಸುಮ್ಮನಿರುವುದೇ ಕಷ್ಟ. ಬಾಯಲ್ಲಿ ತಾಳ ಹೇಳಿಕೊಂಡು ಅಭ್ಯಾಸ ಮಾಡಿಸಿದ ಮೇಲೆ ಬಂತು. ಅವನ ಸಂಬಾಳದ ನಡೆಯನ್ನು ಅದರ ಮೇಲೆ ಇಡಲು ನೋಡಿದೆವು. ಎರಡೂ ಒಂದರ ಮೇಲೊಂದು ಕೂರಲಿಲ್ಲ. ಸಂಬಾಳ ಜಾಗ ತುಂಬುತ್ತದೆ, ರೆಗೆ ಜಾಗ ಬಿಡುತ್ತದೆ. ಕೊನೆಗೆ ಪದ್ಯದ ಸಾಲುಗಳಿಗೆ ಖಾಲಿ ನಡೆ, ಪಲ್ಲವಿಗೆ ಸಂಬಾಳದ ನಡೆ ಅಂತ ಹಂಚಿದರು. ಬೇಸ್ ಹುಡುಗ ಸ್ವರ ಕಡಿಮೆ ಮಾಡಿದ. ಗಿಟಾರ್ ಹುಡುಗ ಎಣಿಕೆಗಳ ನಡುವೆ ಚುಚ್ಚುವುದನ್ನು ಕಲಿಯುತ್ತಿದ್ದಾನೆ. ಪಲ್ಲವಿ ಬಂದಾಗ ಅವನಿಗೆ ಅವನ ಹಳೆಯ ಜೋರು ಸಿಗುತ್ತದೆ.

ಆ ಹಾಡು ಪಂಕ್ ಹೌದೋ ಅಲ್ಲವೋ ಅನ್ನುವ ಜಗಳ ಅವರಲ್ಲಿ ಪೂರ್ತಿ ನಿಂತಿಲ್ಲ. ಗಿಟಾರ್ ಹುಡುಗ ಈಗಲೂ ಮೊದಲ ಆಲ್ಬಂ ಪಕ್ಷ. ಆದರೆ ಹಾಸನಕ್ಕೆ ಹೋಗುವ ಕೊನೆಯ ಬಸ್ಸಿನ ಹೊತ್ತಿನ ತನಕ ಕೂತು ಆ ನಿಧಾನದ ಹಾಡನ್ನೇ ನುಡಿಸುತ್ತಾನೆ. ಮುಂದಿನ ತಿಂಗಳು ಅದನ್ನು ರೆಕಾರ್ಡ್ ಮಾಡುತ್ತಾರೆ. ಡ್ರಮ್ಸ್ ಮೊದಲು ತೆಗೆಯೋಣ, ಉಳಿದದ್ದನ್ನು ಅದರ ಮೇಲೆ ಕಟ್ಟೋಣ ಅಂತ ನಾಲ್ಕೂ ಜನ ಒಪ್ಪಿದ್ದಾರೆ.